ಬಣ್ಣ ಕಂಡು ಮಾತ್ರೆ ಬಿಡಬೇಡ

ಮಗಳೇ, ಟಿ.ಬಿ. ಮಾತ್ರೆ ಶುರುವಾದ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದು, ರಕ್ತ ಹೋಗುತ್ತಿದೆಯೇನೋ ಎಂದು ಹೆದರಿದೆಯಂತೆ. ಹೆದರಬೇಡ. ಅದು ರಿಫಾಂಪಿಸಿನ್. ಆ ಔಷಧಿಯ ಪುಡಿಯೇ ಇಟ್ಟಿಗೆ ಕೆಂಪು. ಯಕೃತ್ತಿನಲ್ಲಿ ಒಂದಿಷ್ಟು ರೂಪ ಬದಲಿಸಿಕೊಂಡು, ಹೆಚ್ಚಿನ ಪಾಲು ಪಿತ್ತದ ಜೊತೆಗೂ ಉಳಿದದ್ದು ಮೂತ್ರದಲ್ಲೂ ಹೊರಬೀಳುತ್ತದೆ. ಬೆವರಿಗೆ, ಕಣ್ಣೀರಿಗೆ ಕೂಡ ಆ ಬಣ್ಣ ಹತ್ತೀತು. ನುಂಗಿದ ಕೆಲವೇ ತಾಸಿನಲ್ಲಿ ಕಾಣಿಸಿಕೊಂಡು, ಆಮೇಲೆ ತಿಳಿಯಾಗುತ್ತಾ ಹೋಗುತ್ತದೆ.

ಅದೇ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ಗೆ ಬಣ್ಣವಿಲ್ಲ. ಯಕೃತ್ತು ಅದನ್ನು ಅಸಿಟೈಲ್ ಐಸೋನಿಯಾಜಿಡ್ ಮೊದಲಾದ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಮೂತ್ರಕ್ಕೆ ತಕ್ಕ ರಾಸಾಯನಿಕ ಬೆರೆಸಿದಾಗಲೇ ಗುರುತು ಸಿಗುವುದು. ಇಂಥ ಮೂತ್ರ ಪರೀಕ್ಷೆಗಳ ಋಣ ನಮ್ಮ ಮೇಲಿದೆ. ಹಿಂದೆ ನಮ್ಮ ಸೀಮೆಯಲ್ಲಿ ಕ್ಷಯವೆಂದರೆ ಚಿಂತಾಮಣಿ ದಾಟಿ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂ. 1915ರಲ್ಲಿ ತೆರೆದದ್ದು. ಮನೆಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಅಲ್ಲಿರಬೇಕಿತ್ತು. 1956ರಲ್ಲಿ ಮದರಾಸಿನಲ್ಲಿ, ರೋಗಿ ಮನೆಯಲ್ಲೇ ಇದ್ದು ಗುಣವಾಗಬಲ್ಲನೇ ಎಂಬ ಅಧ್ಯಯನ ಶುರುವಾಯಿತು. ಸಿಬ್ಬಂದಿ ಮುನ್ಸೂಚನೆ ಇಲ್ಲದೆ ಮನೆಗೆ ಬಂದು ಮೂತ್ರ ಒಯ್ದು, ಔಷಧಿ ಒಳಗೆ ಹೋಗಿದೆಯೇ ಎಂದು ನೋಡುತ್ತಿದ್ದರು. 1959ರಲ್ಲಿ ಬಂದ ಫಲಿತಾಂಶ: ಮನೆಯ ಚಿಕಿತ್ಸೆ ಸ್ಯಾನಟೋರಿಯಂನದಕ್ಕೆ ಏನೂ ಕಡಿಮೆಯಿಲ್ಲ. ಇವತ್ತು ನೀನು ಶಿಡ್ಲಘಟ್ಟದಲ್ಲಿ ಮಕ್ಕಳ ಮುಖ ನೋಡುತ್ತಾ ಗುಣವಾಗುತ್ತಿರುವುದು ಅದರ ಫಲ.

ಹಾಗಾಗಿ ಆಶಾ ಕಾರ್ಯಕರ್ತೆ ಬಣ್ಣದ ಬಗ್ಗೆ ಕೇಳಿದರೆ ಅನುಮಾನವೆಂದು ಬೇಸರಿಸಬೇಡ. ಅವಳು ಬರುವ ದಿನ ಮಾತ್ರ ನುಂಗಿದರೂ ಬಣ್ಣ ಬರುತ್ತದೆ, ನಿಜ. ಅವಳನ್ನು ನಂಬಿಸಬಹುದು, ರೋಗಾಣುವನ್ನಲ್ಲ. ನನಗೆ ಭಯವಿರುವುದು ಎರಡು ತಿಂಗಳಾದ ಮೇಲೆ. ಕೆಮ್ಮು ನಿಂತು, ಮೈ ತುಂಬಿಕೊಂಡು, ಮತ್ತೆ ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೋಗತೊಡಗಿದಾಗ ಮಾತ್ರೆ ಮರೆತುಹೋಗುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದೆ ಹೋಗಬಹುದು. ಆಗ ಚಿಕಿತ್ಸೆ ಇನ್ನೂ ಕಷ್ಟ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಔಷಧಿ ನಡೆಯುವಾಗ ಗರ್ಭನಿರೋಧಕ ಗುಳಿಗೆಯನ್ನು ನೆಚ್ಚುವಂತಿಲ್ಲ, ಬೇರೆ ದಾರಿ ಕೇಳಿಕೋ. ಮೂತ್ರ ಟೀ ಡಿಕಾಕ್ಷನ್ನಿನಂತೆ ಕಪ್ಪಾದರೆ, ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಅದು ಯಕೃತ್ತಿನ ತೊಂದರೆ ಇರಬಹುದು; ಅವತ್ತೇ ಆಸ್ಪತ್ರೆಗೆ ಹೋಗು. ಉಳಿದಂತೆ, ಆರು ತಿಂಗಳ ಕೋರ್ಸು ಒಂದು ದಿನವೂ ತಪ್ಪದೆ ಮುಗಿಸು. ಮಾತ್ರೆ ಸರ್ಕಾರದ್ದು, ಪೂರ್ತಿ ಉಚಿತ.