ಗೊಂಬೆಯ ಕಣ್ಣಿಗೆ ಕಳೆ ಬರುವುದು ಹೀಗೆ

ಮೂಗು ತಿದ್ದಿದಂತಿದೆ, ತುಟಿ ಚೆನ್ನಾಗಿ ಕೂತಿದೆ, ಕೂದಲಿನ ಎಳೆ ಎಳೆಯೂ ಮೂಡಿದೆ. ಆದರೂ ಗೊಂಬೆ ನಮ್ಮನ್ನು ನೋಡುತ್ತಿಲ್ಲ. ಪಾಲಿಮರ್ ಕ್ಲೇಯಲ್ಲಿ ಕೈ ಪಳಗಿಸಿಕೊಳ್ಳುವವರೆಲ್ಲ ಒಂದಲ್ಲ ಒಂದು ದಿನ ಬಂದು ನಿಲ್ಲುವ ಜಾಗ ಇದು. ಬಿಳಿ ಉಂಡೆಯ ಮೇಲೆ ಕಪ್ಪು ಚುಕ್ಕೆ ಇಟ್ಟು ವಾರ್ನಿಷ್ ಬಳಿದರೆ ಕಣ್ಣು ಹೊಳೆಯುತ್ತದೆ, ನಿಜ. ಆದರೆ ಹೊಳಪೇ ಬೇರೆ, ನೋಟವೇ ಬೇರೆ. ನೋಟ ಬರುವುದು ಆಳದಿಂದ. ಬಣ್ಣ ಒಳಗಿರಬೇಕು, ಅದರ ಮುಂದೆ ಉಬ್ಬಿದ ತಿಳಿಯಾದ ಪದರ ಇರಬೇಕು, ಇವೆರಡರ ನಡುವೆ ಬೆಳಕು ಓಡಾಡಬೇಕು. ನಮ್ಮ ಕಣ್ಣಿನಲ್ಲಿ ಕಾರ್ನಿಯಾ ಮಾಡುವ ಕೆಲಸವೂ ಇದೇ.

ಮನುಷ್ಯರು ಈ ಗುಟ್ಟನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಈಜಿಪ್ಟಿನ ಸಕ್ಕಾರಾದಲ್ಲಿ 1850ರಲ್ಲಿ ಸಿಕ್ಕಿ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ‘ಕುಳಿತ ಲಿಪಿಕಾರ’ನ ಶಿಲ್ಪವನ್ನು ಚಿತ್ರದಲ್ಲಾದರೂ ನೋಡಿ. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯದು. ಕಣ್ಣಿನ ಬಿಳಿಭಾಗಕ್ಕೆ ಮ್ಯಾಗ್ನಸೈಟ್ ಕಲ್ಲು, ಅದರೊಳಗೆ ಉಜ್ಜಿ ನಯಮಾಡಿದ ಸ್ಫಟಿಕದ ತುಂಡು, ಸ್ಫಟಿಕದ ಹಿಂಬದಿಗೆ ಬಣ್ಣದ ಲೇಪ. ನಾವು ಇವತ್ತು ಗಾಜಿನ ಗುಬ್ಬಟದ ಬೆನ್ನಿಗೆ ಬಣ್ಣ ಹಚ್ಚುವುದೂ ಅದೇ ವಿಧಾನ. ನಮ್ಮ ಮೈಸೂರಿನಲ್ಲಿ 20ನೇ ಶತಮಾನದ ಆರಂಭದಿಂದ 1999ರವರೆಗೆ ನಡೆದ ವಾನ್ ಇಂಗನ್ ಕಾರ್ಖಾನೆಯನ್ನೂ ಇಲ್ಲಿ ನೆನೆಯಬೇಕು. ಹುಲಿ, ಚಿರತೆಗಳ ಚರ್ಮಕ್ಕೆ ಕಾಗದದ ರಚ್ಚಿನ ಮೈ ಕೊಟ್ಟು ನಿಲ್ಲಿಸುತ್ತಿದ್ದ ಆ ಕೆಲಸ ಜಗತ್ತಿನಾದ್ಯಂತ ಹೆಸರಾಗಿತ್ತು. ಬೇಟೆಯ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಆ ಹುಲಿಮುಖಗಳನ್ನು ಎದುರಿಗೆ ನಿಂತು ನೋಡಿದವರಿಗೆ ಗಾಜಿನ ಕಣ್ಣಿನ ಶಕ್ತಿ ಏನೆಂದು ಬೇರೆ ಹೇಳಬೇಕಿಲ್ಲ.

ಮೊದಲು ಕಣ್ಣು, ಆಮೇಲೆ ಮುಖ

ದೇವರ ವಿಗ್ರಹಕ್ಕೆ ಶಿಲ್ಪಿ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕೊನೆಗೆ. ಪಾಲಿಮರ್ ಕ್ಲೇಯಲ್ಲಿ ಕ್ರಮ ತಿರುವುಮುರುವು. ಕಣ್ಣುಗಳನ್ನು ಮೊದಲೇ ಸಿದ್ಧಮಾಡಿ, ತಲೆಯ ಗುಳಿಯಲ್ಲಿ ಕೂರಿಸಿ, ಅವುಗಳ ಸುತ್ತ ರೆಪ್ಪೆ, ಹುಬ್ಬು, ಕೆನ್ನೆ ಕಟ್ಟಬೇಕು. ಮುಖ ಮುಗಿದ ಮೇಲೆ ತೂತು ಕೊರೆದು ಸಿಕ್ಕಿಸಿದ ಕಣ್ಣು ಅಂಗಿಯ ಗುಂಡಿಯ ಹಾಗೆಯೇ ಕಾಣುತ್ತದೆ.

ಅಳತೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದೊಡ್ಡವರ ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಪಾಪೆಯ ಸುತ್ತಲಿನ ಬಣ್ಣದ ಬಳೆ, ಅಂದರೆ ಐರಿಸ್, ಅದರ ಅರ್ಧದಷ್ಟು, ಸುಮಾರು 12 ಮಿಲಿಮೀಟರ್. ಗಲ್ಲದಿಂದ ನೆತ್ತಿಯವರೆಗೆ 9 ಸೆಂಟಿಮೀಟರ್ ಇರುವ ತಲೆ ಮಾಡುತ್ತಿದ್ದರೆ ಕಣ್ಣುಗುಡ್ಡೆ 1 ಸೆಂಟಿಮೀಟರ್, ಐರಿಸ್ 5 ಮಿಲಿಮೀಟರ್ ಸಾಕು. ಹೊಸಬರು ಯಾವಾಗಲೂ ದೊಡ್ಡದು ಮಾಡುತ್ತಾರೆ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ ಬಿಡಿ.

ಸಾಮಾನು, ಮತ್ತು ಕೊಂಡಾಪುರದ ಧೂಳು

ಚಪ್ಪಟೆ ಬೆನ್ನಿನ ಗಾಜಿನ ಗುಬ್ಬಟಕ್ಕೆ ಅಂಗಡಿಯವರು ಕ್ಯಾಬೊಶಾನ್ ಎನ್ನುತ್ತಾರೆ. ಆಭರಣ ಮಾಡುವ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಬೇರೆ ಬೇರೆ ಅಳತೆಯವು ಸಿಗುತ್ತವೆ. ಹೈದರಾಬಾದಿನಲ್ಲಿದ್ದು ಹುಡುಕಾಟದ ಹುಮ್ಮಸ್ಸಿದ್ದವರು ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿಗೂ ಹೋಗಿಬರಬಹುದು. ಬಳೆ, ಮಣಿ, ಕಲ್ಲುಗಳ ಆ ಬೀದಿಯಲ್ಲಿ ಕಣ್ಣಿಗೆ ಒಗ್ಗುವ ಗಾಜು ಕಂಡರೆ ಕೈಯಲ್ಲಿ ಹಿಡಿದು ನೋಡಿ ಆರಿಸಬಹುದು. ಬೆನ್ನಿಗೆ ಬೆಳ್ಳಿ ಲೇಪವಿರುವ ಕಲ್ಲು ಬೇಡ. ಪ್ಲಾಸ್ಟಿಕ್ಕಿನದಂತೂ ಬೇಡವೇ ಬೇಡ, ಓವನ್ನಿನಲ್ಲಿ ಅದು ಸೊಟ್ಟಗಾಗುತ್ತದೆ. ಉಗುರಿನಿಂದ ತಟ್ಟಿದರೆ ಗಾಜಿನ ಸದ್ದು ಬೇರೆ, ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ.

ಉಳಿದದ್ದು: ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ, ತೀರಾ ಸಣ್ಣ ಕುಂಚ, ಟೂತ್‌ಪಿಕ್, ಅಲ್ಯೂಮಿನಿಯಂ ಫಾಯಿಲ್, ಐಸೊಪ್ರೊಪೈಲ್ ಆಲ್ಕೋಹಾಲ್, ಓವನ್ ಥರ್ಮಾಮೀಟರ್. ಎರಡನೆಯ ವಿಧಾನಕ್ಕೆ ಯುವಿ ರೆಸಿನ್, ಉಗುರುಬಣ್ಣ ಒಣಗಿಸುವ ಯುವಿ ದೀಪ, ನೈಟ್ರೈಲ್ ಕೈಗವಸು.

ಹೈದರಾಬಾದಿನ ನಮ್ಮ ಕೊಂಡಾಪುರದಲ್ಲಿ ಈ ಕೆಲಸಕ್ಕೆ ಧೂಳಿನದೇ ದೊಡ್ಡ ಕಾಟ. ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿರುತ್ತದೆ. ಬಾಲ್ಕನಿಯ ಬಾಗಿಲು ತೆರೆದಿಟ್ಟು ರೆಸಿನ್ ಸುರಿದರೆ ತಿಳಿಯಾದ ಕಣ್ಣಿನೊಳಗೆ ಸಿಮೆಂಟಿನ ಕಣವೊಂದು ಶಾಶ್ವತವಾಗಿ ಕೂತುಬಿಡುತ್ತದೆ. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ಆರಿಸಿ, ಮಾಡಿದ ಕಣ್ಣಿನ ಮೇಲೆ ತಕ್ಷಣ ಗಾಜಿನ ಬಟ್ಟಲು ಬೋರಲು ಹಾಕಿ. ಇನ್ನು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕ್ಲೇ ಕೈಗಂಟುವಷ್ಟು ಮೆತ್ತಗಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಹದಕ್ಕೆ ಬರುತ್ತದೆ.

ಒಂದನೆಯ ವಿಧಾನ: ಗಾಜಿನ ಗುಬ್ಬಟ

ನನ್ನ ಆಯ್ಕೆ ಇದೇ. ಗಾಜು ಹಳದಿಯಾಗುವುದಿಲ್ಲ, ಗೀಚಲು ಬೀಳುವುದು ಕಡಿಮೆ, ಕ್ಲೇ ಜೊತೆಗೇ ಓವನ್ನಿನಲ್ಲಿ ಬೇಯುತ್ತದೆ.

ಗಾಜಿನ ಚಪ್ಪಟೆ ಬೆನ್ನನ್ನು ಆಲ್ಕೋಹಾಲಿನಿಂದ ಒರೆಸಿ. ಬೆರಳಿನ ಜಿಡ್ಡಿದ್ದರೆ ಬಣ್ಣ ನಿಲ್ಲುವುದಿಲ್ಲ. ಗುಬ್ಬಟದ ಕಡೆಯನ್ನು ಕೆಳಗೆ ಮಾಡಿ ಒಂದು ತುಂಡು ಕ್ಲೇ ಮೇಲೆ ಒತ್ತಿ ಕೂರಿಸಿದರೆ ಅಲುಗಾಡುವುದಿಲ್ಲ. ಈಗ ಬಣ್ಣ. ನಾವು ಬೆನ್ನಿನಿಂದ ಬರೆಯುತ್ತೇವೆ, ನೋಡುವವರು ಮುಂದಿನಿಂದ ನೋಡುತ್ತಾರೆ. ಹಾಗಾಗಿ ಮೊದಲು ಹಚ್ಚಿದ್ದೇ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು.

ಮೊದಲು ನಡುವೆ ಪಾಪೆ. ಗಟ್ಟಿ ಕಪ್ಪು, ಸರಿಯಾಗಿ ಗುಂಡಗೆ. ಕುಂಚದಿಂದ ಗುಂಡಗೆ ಬರುವುದು ಕಷ್ಟ. ಟೂತ್‌ಪಿಕ್ಕಿನ ಮೊಂಡು ತುದಿಯನ್ನು ಬಣ್ಣದಲ್ಲಿ ಅದ್ದಿ ನೇರವಾಗಿ ಮುಟ್ಟಿಸಿ ಎತ್ತಿ. ಅದು ಒಣಗಿದ ಮೇಲೆ ಅಂಚಿನ ಸುತ್ತ ಕಡುಬಣ್ಣದ ತೆಳು ಉಂಗುರ. ಎಳೆಯರ ಕಣ್ಣಿನಲ್ಲಿ ಈ ಉಂಗುರ ಎದ್ದು ಕಾಣುತ್ತದೆ, ವಯಸ್ಸಾದಂತೆ ಮಸುಕಾಗುತ್ತದೆ. ಉಂಗುರದಿಂದ ಪಾಪೆಯ ಕಡೆಗೆ ಕೂದಲೆಳೆಯಂಥ ಗೆರೆಗಳನ್ನು ಎಳೆಯಿರಿ. ಎಲ್ಲವೂ ಒಂದೇ ಉದ್ದ ಇರಬಾರದು. ಆಮೇಲೆ ತಿಳಿಬಣ್ಣದ ಗೆರೆಗಳು, ಅವೆಲ್ಲ ಒಣಗಿದ ಮೇಲೆ ಇಡೀ ಬೆನ್ನಿಗೆ ಮೂಲಬಣ್ಣದ ಲೇಪ. ಕೊನೆಗೊಂದು ಬಿಳಿ ಪದರ ಹಚ್ಚಿದರೆ ಒಳಬಂದ ಬೆಳಕು ವಾಪಸ್ ಚಿಮ್ಮಿ ಬಣ್ಣಗಳು ಬೆಳಗುತ್ತವೆ.

ನಮ್ಮ ಕಡೆಯವರ ಕಣ್ಣು ಕಪ್ಪು ಎಂದು ಕಪ್ಪನ್ನೇ ಬಳಿಯುವವರಿದ್ದಾರೆ. ಕನ್ನಡಿ ಹಿಡಿದು ಕಿಟಕಿಯ ಬಳಿ ನಿಂತು ನೋಡಿ, ಕಾಫಿ ಡಿಕಾಕ್ಷನ್ನಿನಿಂದ ಜೋನಿಬೆಲ್ಲದವರೆಗೆ ಎಷ್ಟು ಕಂದುಗಳಿವೆ! ಬೆಳಕು ಮೇಲಿನಿಂದ ಬಿದ್ದಾಗ ಐರಿಸ್ಸಿನ ಕೆಳಭಾಗ ಹೆಚ್ಚು ಬೆಳಗುತ್ತದೆ. ಅಲ್ಲೊಂದು ತಿಳಿಕಂದಿನ ಅರ್ಧಚಂದ್ರ ಇಟ್ಟರೆ ಕಪ್ಪುಕಣ್ಣಿಗೂ ಜೀವ ಬರುತ್ತದೆ. ಬಿಳಿ ಹೊಳಪಿನ ಚುಕ್ಕೆಯನ್ನು ಮಾತ್ರ ಯಾವ ಕಾರಣಕ್ಕೂ ಬರೆಯಬೇಡಿ. ಚಪ್ಪಟೆ ಚಿತ್ರಕ್ಕೆ ಅದು ಬೇಕು. ಗಾಜಿನ ಕಣ್ಣಿಗೆ ಕೋಣೆಯ ದೀಪವೇ ಆ ಚುಕ್ಕೆ ಇಡುತ್ತದೆ, ನೋಡುವವರು ಅಲುಗಿದರೆ ಚುಕ್ಕೆಯೂ ಅಲುಗುತ್ತದೆ. ಬರೆದ ಚುಕ್ಕೆ ಅಲುಗದೆ ನಿಂತು ಮೋಸವನ್ನು ಬಯಲುಮಾಡುತ್ತದೆ.

ಬಣ್ಣ ಒಂದು ರಾತ್ರಿ ಪೂರ್ತಿ ಒಣಗಲಿ. ಒಳಗೆ ತೇವ ಉಳಿದರೆ ಓವನ್ನಿನ ಬಿಸಿಗೆ ಗುಳ್ಳೆ ಏಳುತ್ತದೆ. ಅಕ್ರಿಲಿಕ್ ಬದಲು ಉಗುರುಬಣ್ಣ ಹಚ್ಚುವ ರೂಢಿಯೂ ಇದೆ, ಹೊಳಪು ಚೆನ್ನಾಗಿಯೇ ಬರುತ್ತದೆ. ಆದರೆ ಅದರ ದ್ರಾವಕ ಕ್ಲೇಯನ್ನು ಮೆತ್ತಗೆ ಮಾಡಿ ಅಂಟಂಟಾಗಿಸುತ್ತದೆ. ನಾನು ಅದನ್ನು ಸೂಚಿಸುವುದಿಲ್ಲ.

ಎರಡನೆಯ ವಿಧಾನ: ರೆಸಿನ್ ಹನಿ

3 ಮಿಲಿಮೀಟರಿನಂಥ ಪುಟ್ಟ ಐರಿಸ್ ಬೇಕಾದಾಗ, ಅಥವಾ ಬಿಳಿಗುಡ್ಡೆ, ಐರಿಸ್ ಎರಡೂ ಒಂದೇ ಗುಂಡಿನಲ್ಲಿ ಬರಬೇಕಾದಾಗ ಇದು ಅನುಕೂಲ. ಬಿಳಿ ಕ್ಲೇಗೆ ಚಿಟಿಕೆಯಷ್ಟು ಹಳದಿ ಮತ್ತು ಮೈಬಣ್ಣದ ಕ್ಲೇ ಸೇರಿಸಿ ನಾದಿ. ಯಾರ ಕಣ್ಣೂ ಸುಣ್ಣದ ಬಿಳಿ ಇರುವುದಿಲ್ಲ. ಉಂಡೆ ಕಟ್ಟಿ, ಐರಿಸ್ ಬರುವಲ್ಲಿ ಗುಂಡುತಲೆಯ ಸಾಧನದಿಂದ ಒತ್ತಿ ಒಂದು ತಗ್ಗು ಮಾಡಿ, ಬೇಯಿಸಿ. ಆರಿದ ಮೇಲೆ ತಗ್ಗಿನೊಳಗೆ ಬಣ್ಣ ಬರೆಯಿರಿ. ಈ ಸಲ ಕ್ರಮ ಮಾಮೂಲಿನಂತೆ: ಮೊದಲು ಮೂಲಬಣ್ಣ, ಕೊನೆಗೆ ಪಾಪೆ.

ಬಣ್ಣ ಒಣಗಿದ ಮೇಲೆ ತಗ್ಗಿಗೆ ಒಂದು ಹನಿ ರೆಸಿನ್. ಸೂಜಿಯಿಂದ ಅದನ್ನು ಅಂಚಿನವರೆಗೆ ನಿಧಾನವಾಗಿ ಎಳೆಯಿರಿ. ಅಂಚು ಚೂಪಾಗಿದ್ದರೆ ಹನಿ ಅಲ್ಲೇ ನಿಲ್ಲುತ್ತದೆ, ಹರಿಯುವುದಿಲ್ಲ. ಗುಳ್ಳೆಗಳಿದ್ದರೆ ಸೂಜಿಯಿಂದಲೇ ಚುಚ್ಚಿ ಒಡೆಯಿರಿ. ದೀಪದ ಕೆಳಗೆ ಒಂದೆರಡು ನಿಮಿಷ ಇಡಿ. ಪದರ 1ರಿಂದ 2 ಮಿಲಿಮೀಟರಿಗಿಂತ ದಪ್ಪವಾದರೆ ಒಳಗೆ ಹಸಿ ಉಳಿಯುತ್ತದೆ, ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಬಿರಿಯಲೂಬಹುದು. ಮೊದಲ ಪದರ ಗಟ್ಟಿಯಾದ ಮೇಲೆ ಎರಡನೆಯ ಹನಿ ಹಾಕಿ ಗುಬ್ಬಟದಂತೆ ಉಬ್ಬಿಸಿ. ತಗ್ಗಿನ ಆಳದಲ್ಲಿ ಐರಿಸ್, ಮೇಲೆ ಉಬ್ಬಿದ ರೆಸಿನ್, ಇಷ್ಟು ಕೂಡಿದರೆ ನೀವು ಎಡಬಲಕ್ಕೆ ಸರಿದಾಗ ಕಣ್ಣು ನಿಮ್ಮನ್ನೇ ಹಿಂಬಾಲಿಸಿದಂತೆ ಕಾಣುತ್ತದೆ. ಮೇಲ್ಮೈ ಅಂಟಂಟಾಗಿದ್ದರೆ ಗಾಬರಿ ಬೇಡ, ಗಾಳಿಯ ಆಮ್ಲಜನಕ ಮೇಲಿನ ತೆಳುಪದರ ಗಟ್ಟಿಯಾಗುವುದನ್ನು ತಡೆದಿರುತ್ತದೆ. ಇನ್ನಷ್ಟು ಹೊತ್ತು ದೀಪಕ್ಕಿಟ್ಟು ಆಲ್ಕೋಹಾಲಿನಿಂದ ಒರೆಸಿ.

ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು. ಒಮ್ಮೆ ಅಲರ್ಜಿ ಶುರುವಾದರೆ ಅದು ಜೀವಮಾನವಿಡೀ ಕಾಡಬಹುದು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಕಾಗದಕ್ಕೆ ಒರೆಸಿ, ಬಿಸಿಲಿಗಿಟ್ಟು ಗಟ್ಟಿಮಾಡಿ ಎಸೆಯಿರಿ. ಬಾಟಲಿಯನ್ನು ಮಾತ್ರ ಕಿಟಕಿಯಿಂದ ದೂರವಿಡಿ, ಅದೇ ಬಿಸಿಲು ಅದನ್ನೂ ಬಿಡುವುದಿಲ್ಲ.

ಈ ಕಣ್ಣನ್ನು ಮುಖದಲ್ಲಿ ಕೂರಿಸಿ ಮತ್ತೆ ಬೇಯಿಸಿದರೆ ರೆಸಿನ್ ಹಳದಿಗೆ ತಿರುಗುವ, ಅಂಚು ಏಳುವ ಅಪಾಯವಿದೆ. ಆದ್ದರಿಂದ ಬಣ್ಣ ಬರೆದ ಗುಡ್ಡೆಯನ್ನು ಹಾಗೆಯೇ ಕೂರಿಸಿ, ಮುಖವನ್ನು ಪೂರ್ತಿ ಬೇಯಿಸಿ, ರೆಸಿನ್ ಹನಿಯನ್ನು ಕಟ್ಟಕಡೆಗೆ ಹಾಕುವುದು ಕ್ಷೇಮ.

ರೆಪ್ಪೆಯೇ ಅರ್ಧ ಕೆಲಸ

ಫಾಯಿಲ್ಲನ್ನು ಬಿಗಿಯಾಗಿ ಉಂಡೆಮಾಡಿ ಅದರ ಮೇಲೆ ಕ್ಲೇ ಹೊದಿಸಿ ತಲೆ ಮಾಡಿ. ಹೆಬ್ಬೆರಳಿನಿಂದ ಎರಡು ಗುಳಿ ಒತ್ತಿ ಕಣ್ಣು ಕೂರಿಸಿ. ಈಗ ಮೊಬೈಲಿನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿ ನೋಡಿ. ಮೆಳ್ಳೆಗಣ್ಣಿದ್ದರೆ ತಕ್ಷಣ ಗೊತ್ತಾಗುತ್ತದೆ, ತಿದ್ದಲು ಇದೇ ಸಮಯ.

ತೆಳ್ಳಗೆ ಲಟ್ಟಿಸಿದ ಕ್ಲೇ ಪಟ್ಟಿಯಿಂದ ಮೊದಲು ಕೆಳರೆಪ್ಪೆ, ನಂತರ ಮೇಲ್ರೆಪ್ಪೆ. ಮೇಲ್ರೆಪ್ಪೆ ಐರಿಸ್ಸಿನ ತಲೆಯನ್ನು ಸ್ವಲ್ಪ ಮುಚ್ಚಬೇಕು, ಕೆಳರೆಪ್ಪೆ ಅದರ ಬುಡವನ್ನು ಸವರಿದಂತಿರಬೇಕು. ಐರಿಸ್ ಸುತ್ತ ಪೂರ್ತಿ ಬಿಳಿ ಕಂಡರೆ ಗೊಂಬೆ ಬೆಚ್ಚಿಬಿದ್ದಂತಿರುತ್ತದೆ. ರೆಪ್ಪೆಗೆ ದಪ್ಪ ಇದೆ ಎಂಬುದನ್ನು ಮರೆಯಬೇಡಿ. ಆ ಅಂಚು ಬೀಳಿಸುವ ಸಣ್ಣ ನೆರಳೇ ಕಣ್ಣನ್ನು ಮುಖದೊಳಕ್ಕೆ ಸೇರಿಸುವುದು. ಮೂಗಿನ ಕಡೆಯ ಮೂಲೆಯಲ್ಲಿ ನಸುಗೆಂಪು ಕ್ಲೇಯ ಸಾಸಿವೆಕಾಳಿನಷ್ಟು ಚೂರು ಇಡಿ. ಗಾಜಿಗೆ ಮೆತ್ತಿದ ಕ್ಲೇಯನ್ನು ಬೇಯಿಸುವ ಮುಂಚೆಯೇ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು, ಬೆಂದ ಮೇಲೆ ಕೆರೆಯಬೇಕಾಗುತ್ತದೆ.

ಪ್ರಾಣಿಗಳಾದರೆ ಇಡೀ ಗುಬ್ಬಟವೇ ಕಣ್ಣು, ಬಿಳಿಭಾಗ ಕಾಣುವುದೇ ಅಪರೂಪ. ಪಾಪೆಯ ಆಕಾರ ತಪ್ಪಬಾರದು. ಬೆಕ್ಕಿನದು ಬೆಳಕಿನಲ್ಲಿ ನೆಟ್ಟಗಿನ ಸೀಳು, ಹುಲಿಯದು ಗುಂಡಗೆ, ಮೇಕೆ, ಹಸುಗಳದು ಅಡ್ಡಡ್ಡ. ಕೆಂಬೂತ, ಕೋಗಿಲೆಗಳ ಕಣ್ಣು ರಕ್ತಗೆಂಪು, ಹಾಲಕ್ಕಿ ಗೂಬೆಯದು ಹಳದಿ. ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿಗೆ ಬೆಳಿಗ್ಗೆ ಬೇಗ ಬೈನಾಕ್ಯುಲರ್ ಹಿಡಿದು ಹೋದರೆ ಕಲಿಯುವುದು ಬೇಕಾದಷ್ಟಿದೆ.

ಬೇಯಿಸುವುದು

ಪೊಟ್ಟಣದ ಮೇಲಿನ ಉಷ್ಣತೆಯನ್ನೇ ಪಾಲಿಸಿ. ಸಾಮಾನ್ಯವಾಗಿ ಅದು 110ರಿಂದ 130 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ದಪ್ಪ ಹೆಚ್ಚಿದಂತೆ ಹೊತ್ತು ಹೆಚ್ಚಿಸಬೇಕು, ಉಷ್ಣತೆಯನ್ನಲ್ಲ. ಮನೆಯ ಒಟಿಜಿಯ ತಿರುಗುಗುಂಡಿ ತೋರಿಸುವುದಕ್ಕೂ ಒಳಗಿನ ಬಿಸಿಗೂ ಎಷ್ಟೋ ವ್ಯತ್ಯಾಸ ಇರುತ್ತದೆ. ಥರ್ಮಾಮೀಟರ್ ಬೇಕೆಂದದ್ದು ಅದಕ್ಕೇ. ಮೇಲಿನ ಕಾಯಿಲ್ ಮುಖವನ್ನು ಸುಡದಂತೆ ಫಾಯಿಲ್ಲಿನ ಗೂಡು ಮುಚ್ಚಿ. ಪಾಲಿಮರ್ ಕ್ಲೇ ಮೂಲತಃ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡಿನ ಖಾರ ಹೊಗೆ ಬರುತ್ತದೆ. ಹಾಗಾದರೆ ಓವನ್ ಆರಿಸಿ, ಕಿಟಕಿ ತೆರೆದು, ಹೊರಗೆ ಬನ್ನಿ. ಅಡುಗೆಯ ತಟ್ಟೆಯನ್ನು ಇದಕ್ಕೆ ಬಳಸಬೇಡಿ, ಮೈಕ್ರೋವೇವ್ ಬೇಡವೇ ಬೇಡ.

ಬೆಂದ ಮೇಲೆ ಓವನ್ನಿನ ಬಾಗಿಲನ್ನು ಸ್ವಲ್ಪವೇ ತೆರೆದು ಒಳಗೇ ಆರಲು ಬಿಡಿ. ಬಿಸಿ ಕ್ಲೇಯನ್ನು ಐಸ್ ನೀರಿಗೆ ಹಾಕುವವರಿದ್ದಾರೆ. ಗಾಜಿನ ಕಣ್ಣಿದ್ದಾಗ ಹಾಗೆ ಮಾಡಿದರೆ ಗಾಜು ಸೀಳುತ್ತದೆ.

ಕೊನೆಯದಾಗಿ, ಕೆಳರೆಪ್ಪೆ ಕಣ್ಣನ್ನು ಮುಟ್ಟುವ ಗೆರೆಯಲ್ಲಿ ಸೂಜಿಯ ತುದಿಯಿಂದ ಕೂದಲೆಳೆಯಷ್ಟು ರೆಸಿನ್ ಎಳೆದು ದೀಪಕ್ಕೆ ಹಿಡಿಯಿರಿ. ಕಣ್ಣಿಗೆ ಒದ್ದೆತನ ಬರುತ್ತದೆ, ಮುಖದ ಬಿರುಸು ಇಳಿಯುತ್ತದೆ. ರೆಸಿನ್ ಇರುವ ಗೊಂಬೆಯನ್ನು ನೇರ ಬಿಸಿಲಿನಿಂದ ದೂರವಿಡಿ. ಕಣ್ಣಿನ ಮೇಲೆ ಕೂತ ಧೂಳಿಗೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಸಾಕು. ಉಗುರುಬಣ್ಣ ತೆಗೆಯುವ ದ್ರಾವಣ ಮಾತ್ರ ಹತ್ತಿರ ಸುಳಿಯಬಾರದು, ಅದರಲ್ಲಿರುವ ಅಸಿಟೋನ್ ಬೆಂದ ಕ್ಲೇಯ ಮೈಯನ್ನೂ ಕರಗಿಸುತ್ತದೆ.