ಪಡುವಣಕ್ಕೆ ಹೋದ ರೈತ ಕುಟುಂಬಗಳ ಜಾಡು

ರಾಜರ ವಂಶಾವಳಿಯನ್ನು ಶಾಸನಗಳು ಹೇಳುತ್ತವೆ. ದಾನ ಕೊಟ್ಟ ಧಣಿಯ ಹೆಸರೂ ಕಲ್ಲಿನಲ್ಲಿ ಉಳಿದಿರುತ್ತದೆ. ಆದರೆ ನೆಲವನ್ನು ಉತ್ತು ಬಿತ್ತಿ ಬದುಕಿ, ಬೆಳೆ ಕೈಕೊಟ್ಟಾಗ ಗಾಡಿ ಹೂಡಿಕೊಂಡು ಮತ್ತೊಂದು ಸೀಮೆಗೆ ಹೋದ ರೈತನ ಚರಿತ್ರೆಯನ್ನು ಬರೆದಿಟ್ಟವರು ಯಾರು? ಯಾರೂ ಇಲ್ಲವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಿಂದ ಪಶ್ಚಿಮದ ಹುಲ್ಲುಬಯಲುಗಳಿಗೆ ಹೋದ ರೈತ ಕುಟುಂಬಗಳ ವಿಷಯದಲ್ಲಿ ಈ ಭಾವನೆ ತಪ್ಪೆಂದು ತಿಳಿದುಬಂದಿದೆ. ಅವರ ಜಾಡು ಉಳಿದಿರುವುದು ಚರಿತ್ರೆಯೆಂದು ಯಾರೂ ಬರೆಯದ ಕಾಗದಗಳಲ್ಲಿ. ಆ ಕಾಗದಗಳು ಎಂತಹವು, ಅವು ಏನನ್ನು ಹೇಳುತ್ತವೆ, ಎಲ್ಲಿ ಮೌನವಾಗುತ್ತವೆ ಎಂಬುದನ್ನು ಒಂದು ಕುಟುಂಬದ ಉದಾಹರಣೆಯಿಂದ ಇಲ್ಲಿ ತಿಳಿಯಲೆತ್ನಿಸುವೆವು.

ಈ ವಲಸೆಯ ಕಥೆ ದೀರ್ಘವಾದುದು. 1843ರಲ್ಲಿ ಸುಮಾರು ಸಾವಿರ ಮಂದಿ ಒಂದೇ ತಂಡವಾಗಿ ಮಿಸ್ಸೌರಿಯಿಂದ ಹೊರಟು, ಬಟ್ಟೆಯ ಕಮಾನು ಹೊದಿಸಿದ ಗಾಡಿಗಳಲ್ಲಿ ಸುಮಾರು ಎರಡು ಸಾವಿರ ಮೈಲಿಗಳ ದಾರಿ ಸವೆಸಿ ಓರೆಗನ್ ಸೀಮೆಯನ್ನು ಸೇರಿದರು. ಗಾಡಿ ಎಳೆಯಲು ಕುದುರೆಗಿಂತ ಎತ್ತುಗಳನ್ನೇ ಹೆಚ್ಚಿನವರು ನೆಚ್ಚಿದರೆಂಬುದನ್ನು ಕೇಳಿದರೆ ನಮ್ಮ ರೈತರಿಗೆ ಸಂತೋಷವಾದೀತು. 1869ರಲ್ಲಿ ಖಂಡದ ಉದ್ದಕ್ಕೂ ರೈಲುಮಾರ್ಗ ಕೂಡಿದ ಮೇಲೆ ಪ್ರಯಾಣ ಸುಲಭವಾಯಿತು, ಜನ ಇನ್ನೂ ಹೆಚ್ಚಿತು. ಕಾರಣವೇನೆಂದರೆ ಹಲವಿದ್ದುವು: ಪೂರ್ವದಲ್ಲಿ ಹೊಲಗಳು ಮಕ್ಕಳಿಗೆ ಹಂಚಿ ಚಿಕ್ಕವಾದುದು, ಸಾಲ, ಯುರೋಪಿನ ಬಡತನ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಅಗ್ಗದ ಭೂಮಿ.

ಅಗ್ಗದ ಭೂಮಿ ಎಂದೆವು. ಅದನ್ನು ಅಳೆದ ರೀತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. 1785ರ ಒಂದು ಕಟ್ಟಳೆಯಂತೆ ಸರಕಾರವು ಬಯಲನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಗೆರೆ ಎಳೆದು ವಿಂಗಡಿಸಿತು. ಪ್ರತಿಯೊಂದು ಚೌಕದೊಳಗೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ತುಂಡುಗಳು. ಅವುಗಳಿಗೆ ಒಂದರಿಂದ ಮೂವತ್ತಾರರವರೆಗೆ ಅಂಕೆ. ಇವುಗಳಲ್ಲಿ 16ನೆಯ ತುಂಡನ್ನು ಆ ಊರ ಶಾಲೆಯ ಖರ್ಚಿಗೆಂದು ಮೊದಲೇ ಮೀಸಲಿಟ್ಟಿದ್ದರು. ಒಬ್ಬ ರೈತನೂ ಕಾಲಿಡುವ ಮುನ್ನ ನಕಾಶೆಯಲ್ಲಿ ಶಾಲೆಗೆ ಪಾಲು ಸಿಕ್ಕಿತ್ತು! ವರ್ಷವರ್ಷವೂ ವಂತಿಗೆಯ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಶಾಲೆ ನಡೆಸುವ ನಮ್ಮಂತಹವರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿಯೇ ಸರಿ.

ಮುಂದೆ 1862ರ ಮೇ 20ರಂದು ಅಧ್ಯಕ್ಷ ಲಿಂಕನ್ನರು ಸಹಿ ಮಾಡಿದ ಕಾಯಿದೆಯಂತೆ, 21 ವರ್ಷ ತುಂಬಿದವರಾಗಲಿ ಮನೆಯ ಯಜಮಾನರಾಗಲಿ ಅಲ್ಪ ಶುಲ್ಕ ಕೊಟ್ಟು 160 ಎಕರೆಗೆ ಅರ್ಜಿ ಹಾಕಬಹುದಾಗಿತ್ತು. ಐದು ವರ್ಷ ಅಲ್ಲಿಯೇ ವಾಸಮಾಡಿ, ಮನೆ ಕಟ್ಟಿ, ಸಾಗುವಳಿ ಮಾಡಿದರೆ ಹಕ್ಕುಪತ್ರ ಸಿಗುತ್ತಿತ್ತು. ವಿಧವೆಯರಿಗೂ ಮದುವೆಯಾಗದ ಹೆಂಗಸರಿಗೂ ಈ ಅವಕಾಶವಿದ್ದಿತು. ಈ ಕಾಯಿದೆಯ ಮೇರೆಗೆ ಒಟ್ಟು ಸುಮಾರು 16 ಲಕ್ಷ ಹಕ್ಕುಪತ್ರಗಳು ಹೊರಟು, ಸುಮಾರು 27 ಕೋಟಿ ಎಕರೆ ನೆಲ ಕೈಬದಲಾಯಿತು.

ಹುಡುಕುವವನಿಗೆ ಬೇಕಾದುದು ಆ ಹಕ್ಕುಪತ್ರವಲ್ಲ. ಅದರಲ್ಲಿ ಹೆಸರು, ತಾರೀಖು, ನೆಲದ ಅಂಕೆ ಇಷ್ಟೇ. ಅದರ ಹಿಂದಿರುವ ಕಡತವೇ ನಿಧಿ. ಐದು ವರ್ಷ ತುಂಬಿದ ಮೇಲೆ ರೈತನು ಸಾಕ್ಷಿಗಳೊಡನೆ ಭೂಮಿ ಕಚೇರಿಗೆ ಬಂದು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು. ಮನೆ ಎಷ್ಟು ಉದ್ದಗಲ, ಕಿಟಕಿ ಎಷ್ಟು, ಬಾವಿ ತೋಡಿರುವೆಯಾ, ಎಷ್ಟು ಎಕರೆ ಉತ್ತಿರುವೆ, ಹೆಂಡತಿ ಮಕ್ಕಳು ಎಷ್ಟು ಮಂದಿ, ನಡುವೆ ಊರು ಬಿಟ್ಟು ಹೋಗಿದ್ದೆಯಾ, ಹೋಗಿದ್ದರೆ ಯಾತಕ್ಕೆ? ಪರದೇಶದಿಂದ ಬಂದವನಾದರೆ ಅಮೆರಿಕದ ಪ್ರಜೆಯಾದುದಕ್ಕೆ ರುಜುವಾತು ಬೇಕು. ಸಾಕ್ಷಿ ಹೇಳಿದವರು ನೆರೆಹೊರೆಯವರು. ಎಷ್ಟೋ ಸಲ ಅವರು ಹಳೆಯ ಊರಿನಿಂದ ಜೊತೆಯಲ್ಲಿಯೇ ಬಂದ ಭಾವಮೈದುನರು, ಷಡ್ಡಕರು. ಆದುದರಿಂದ ಸಾಕ್ಷಿಗಳ ಹೆಸರನ್ನು ಹಿಡಿದು ಹೊರಟರೆ ಆ ಕುಟುಂಬವು ಬಿಟ್ಟುಬಂದ ಊರಿಗೇ ತಲುಪುವುದುಂಟು. ಅರ್ಜಿ ಹಾಕಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಕ್ಕುಪತ್ರದವರೆಗೆ ಮುಟ್ಟಲಿಲ್ಲ. ಬರ, ಮಿಡತೆ, ಸಾಲ ಇವುಗಳಿಂದ ಸೋತು ಹೋದರು. ಅವರ ಅರ್ಜಿಗಳೂ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಗೆದ್ದವನ ಕಾಗದವನ್ನಷ್ಟೇ ಅಲ್ಲದೆ ಸೋತವನದನ್ನೂ ಕಾಪಾಡಿದ ಈ ಪದ್ಧತಿಯನ್ನು ನಾವು ಮೆಚ್ಚಬೇಕು.

ಎರಡನೆಯ ಆಧಾರವೆಂದರೆ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿ, ನಮ್ಮ ಹಿರಿಯರು ಖಾನೇಶುಮಾರಿ ಎನ್ನುತ್ತಿದ್ದುದು. 1840ರವರೆಗೆ ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. ಹೆಂಡತಿ ಮಕ್ಕಳು ಬರಿಯ ಅಂಕೆಗಳು. 1850ರಿಂದ ಸ್ವತಂತ್ರರಾದ ಎಲ್ಲರ ಹೆಸರೂ, ಹುಟ್ಟಿದ ಸಂಸ್ಥಾನವೂ ಬಂದುವು. ಗುಲಾಮರಾಗಿದ್ದ ಕರಿಯ ಜನರ ಹೆಸರು ಎಲ್ಲರಂತೆ ಪುಟವೇರಿದುದು 1870ರಲ್ಲಿ. ಅದಕ್ಕೆ ಹಿಂದಿನ ತಲೆಮಾರನ್ನು ಹುಡುಕುವ ಅವರ ವಂಶಸ್ಥರಿಗೆ ಆ ವರ್ಷವು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಮಕ್ಕಳು ಹುಟ್ಟಿದ ಸ್ಥಳಗಳನ್ನು ಓದುತ್ತ ಹೋದರೆ ಪ್ರಯಾಣದ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ಹಿರಿಯವನು ಒಹಾಯೊದಲ್ಲಿ, ನಡುವಿನವಳು ಇಲಿನಾಯ್‌ನಲ್ಲಿ, ಕೈಗೂಸು ಅಯೋವದಲ್ಲಿ ಎಂದಿದ್ದರೆ ಗಾಡಿಯು ಎಲ್ಲೆಲ್ಲಿ ನಿಂತಿತೆಂದು ಬೇರೆ ಹೇಳಬೇಕೆ?

ಹೆಸರುಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಗಣತಿಯ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುಕೊಂಡನು. ಜರ್ಮನ್ ಮ್ಯುಲ್ಲರ್ ಎಂಬವನು ಮಿಲ್ಲರ್ ಆದನು. ನಾರ್ವೆಯ ರೈತರಲ್ಲಿ ತಂದೆಯ ಹೆಸರಿಗೆ 'ಮಗ' ಎಂಬ ಪದ ಸೇರಿಸಿ ಕರೆಯುವ ರೂಢಿಯಿದ್ದುದರಿಂದ ಒಂದೇ ಊರಿನಲ್ಲಿ ಹತ್ತಾರು ಓಲೆ ಓಲ್ಸೆನ್ನರು. ಅಮೆರಿಕಕ್ಕೆ ಬಂದ ಮೇಲೆ ಹಲವರು ತಾವು ಬಿಟ್ಟುಬಂದ ಹೊಲಮನೆಯ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಮನೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ತಿರುಗುವ ಕಾಸರಗೋಡು ಸೀಮೆಯ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದ ಹೆಸರನ್ನು ಬೇರೊಂದು ಲಿಪಿಯಲ್ಲಿ ಬರೆಯಿಸಿ, ಮರಳಿ ಓದಿದಾಗ ಅದು ನಮ್ಮದೇ ಹೌದೋ ಅಲ್ಲವೋ ಎಂದು ಅನುಮಾನಪಟ್ಟವರು ನಮ್ಮ ಪೋಷಕರಲ್ಲಿ ಅನೇಕರಿರುವರು.

ಇನ್ನು ಉದಾಹರಣೆಗೆ ಬರುವೆವು. ಲಾರಾ ಇಂಗಲ್ಸ್ ವೈಲ್ಡರ್ ಎಂಬ ಲೇಖಕಿಯು ತನ್ನ ಬಾಲ್ಯದ ವಲಸೆಯನ್ನು ಮಕ್ಕಳ ಕಥೆಗಳಾಗಿ ಬರೆದಳು. ಅವು ಕನ್ನಡಕ್ಕೂ ಬಂದಿವೆ. 1935ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆಕೆಯ ತಂದೆ ಚಾರ್ಲ್ಸ್ ಇಂಗಲ್ಸ್, ತಾಯಿ ಕ್ಯಾರೊಲಿನ್ ಮತ್ತು ಮೂವರು ಹೆಣ್ಣುಮಕ್ಕಳು ವಿಸ್ಕಾನ್ಸಿನ್ ಕಾಡನ್ನು ಬಿಟ್ಟು ಕ್ಯಾನ್ಸಸ್ಸಿನ ಹುಲ್ಲುಬಯಲಿಗೆ ಹೋಗಿ, ಇಂಡಿಪೆಂಡೆನ್ಸ್ ಎಂಬ ಪಟ್ಟಣದಿಂದ ನಲವತ್ತು ಮೈಲಿ ದೂರದಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡರು. ಕಥೆಯನ್ನು ನಂಬಿ ಅಲ್ಲಿಂದ ನೈಋತ್ಯಕ್ಕೆ ನಲವತ್ತು ಮೈಲಿ ಅಳೆದರೆ ಕ್ಯಾನ್ಸಸ್ಸಿನ ಗಡಿಯನ್ನೇ ದಾಟಿ ಈಗಿನ ಓಕ್ಲಹೋಮದೊಳಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಮನೆಯ ಕುರುಹು ಯಾರಿಗೂ ಸಿಗದಿದ್ದುದು ಆಶ್ಚರ್ಯವಲ್ಲ.

ಕಾಗದಗಳು ಹೇಳುವುದು ಬೇರೆ. ಲಾರಾ ಹುಟ್ಟಿದುದು 1867ರ ಫೆಬ್ರವರಿ 7ರಂದು. ಕುಟುಂಬವು ಕ್ಯಾನ್ಸಸ್ಸಿನಲ್ಲಿದ್ದುದು 1869ರಿಂದ 1871ರವರೆಗೆ. ಎಂದರೆ ಅಲ್ಲಿಗೆ ಹೋದಾಗ ಆಕೆಗೆ ಎರಡು ವರ್ಷ, ಹೊರಟಾಗ ನಾಲ್ಕು. ಆಕೆ ಬರೆದುದರಲ್ಲಿ ಬಹುಭಾಗ ತಂದೆತಾಯಿಯರ ಬಾಯಿಂದ ಕೇಳಿದುದೇ ಇರಬೇಕು. ಪುಸ್ತಕದಲ್ಲಿ ಪ್ರಯಾಣದ ಗಾಡಿಯಲ್ಲಿಯೇ ಇರುವ ಎಳೆಗೂಸು ಕ್ಯಾರಿ ವಾಸ್ತವವಾಗಿ ಇನ್ನೂ ಹುಟ್ಟಿರಲಿಲ್ಲ. ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಂತೆ ಅವಳು ಹುಟ್ಟಿದುದು 1870ರ ಆಗಸ್ಟ್ 3ರಂದು, ಕ್ಯಾನ್ಸಸ್ಸಿನ ಮಾಂಟ್‌ಗೊಮರಿ ಜಿಲ್ಲೆಯಲ್ಲಿಯೇ. ಅದೇ ತಿಂಗಳು ಗಣತಿಯ ಗುಮಾಸ್ತನು ಆ ಜಿಲ್ಲೆಯ ಮನೆಗಳನ್ನು ಒಂದರ ಬಳಿಕ ಒಂದರಂತೆ ಸುತ್ತಿ ಬರೆದುಕೊಂಡ ಪುಟಗಳಲ್ಲಿ ಇಂಗಲ್ಸ್ ಕುಟುಂಬವೂ ಇದೆ.

ಹುಡುಕಿದವರ ಜಾಣತನ ಇಲ್ಲಿದೆ. ಇಂಗಲ್ಸನಿಗೆ ಆ ನೆಲದ ಹಕ್ಕುಪತ್ರವೇ ಇರಲಿಲ್ಲ. ಆದರೆ ಗುಮಾಸ್ತನು ಅವನ ಮನೆಗೆ ಹಿಂದೆ ಮುಂದೆ ಹೊಕ್ಕ ಮನೆಗಳವರಲ್ಲಿ ಕೆಲವರು ಅಲ್ಲಿಯೇ ಉಳಿದು ಮುಂದೆ ನೆಲ ಕೊಂಡಿದ್ದರು. ಅವರ ಹೊಲಗಳ ಅಂಕೆಗಳು ಭೂಮಿ ದಾಖಲೆಯಲ್ಲಿ ಸಿಕ್ಕುವು. ಆ ಹೊಲಗಳ ನಡುವೆ ಯಾರ ಹೆಸರೂ ಸರಿಹೊಂದದ ತುಂಡನ್ನು ಗುರುತಿಸಿದಾಗ ಅದು ಇಂಡಿಪೆಂಡೆನ್ಸಿಗೆ ನಲವತ್ತಲ್ಲ, ಸುಮಾರು ಹದಿಮೂರು ಮೈಲಿ ದೂರದಲ್ಲಿದ್ದಿತು. ಕೈಯಿಂದ ತೋಡಿದ ಹಳೆಯ ಬಾವಿಯೊಂದೂ ಅಲ್ಲಿದ್ದಿತು. ಪುಸ್ತಕದಲ್ಲಿ ಚಳಿಜ್ವರದಿಂದ ಇಡೀ ಮನೆಯೇ ಮಲಗಿದಾಗ ಬಂದು ಔಷಧ ಕೊಡುವ ಟ್ಯಾನ್ ಎಂಬ ಕರಿಯ ವೈದ್ಯನು ಕಥೆಯ ಕಲ್ಪನೆಯಲ್ಲವೆಂಬುದಕ್ಕೂ ಆ ಗಣತಿಯೇ ಸಾಕ್ಷಿ: ಡಾಕ್ಟರ್ ಜಾರ್ಜ್ ಟ್ಯಾನ್ ಇಂಗಲ್ಸರ ನೆರೆಯವನು, ಅವನ ಸಮಾಧಿ ಇಂಡಿಪೆಂಡೆನ್ಸಿನಲ್ಲಿದೆ.

ಲೇಖಕಿ ಸುಳ್ಳು ಹೇಳಿದಳೆಂದು ನಾವು ಹೇಳುತ್ತಿಲ್ಲ. ನೆನಪಿನ ಕೆಲಸವೇ ಬೇರೆ, ಕಾಗದದ ಕೆಲಸವೇ ಬೇರೆ. ಆದರೆ ಆಕೆ ಬೇಕೆಂದೇ ಬಿಟ್ಟ ಒಂದು ಸಂಗತಿಯುಂಟು. 1875ರ ನವೆಂಬರ್ 1ರಂದು, ಕುಟುಂಬವು ಮಿನೆಸೋಟದ ವಾಲ್‌ನಟ್ ಗ್ರೋವ್ ಎಂಬಲ್ಲಿದ್ದಾಗ ಒಂದು ಗಂಡುಮಗು ಹುಟ್ಟಿತು. ಹೆಸರು ಚಾರ್ಲ್ಸ್ ಫ್ರೆಡರಿಕ್, ಮನೆಯಲ್ಲಿ ಫ್ರೆಡ್ಡಿ. ಮಿಡತೆಗಳು ಬೆಳೆ ತಿಂದು ಹಾಕಿದ್ದರಿಂದ ಅವರು ಮತ್ತೆ ಗಾಡಿ ಹೂಡಿದರು, ಈ ಸಲ ಪಡುವಣಕ್ಕಲ್ಲ, ಹಿಂದಕ್ಕೆ, ಮೂಡಣಕ್ಕೆ. ದಾರಿಯಲ್ಲಿ ನೆಂಟರ ಮನೆಯಲ್ಲಿ ತಂಗಿದ್ದಾಗ 1876ರ ಆಗಸ್ಟ್ 27ರಂದು ಮಗು ತೀರಿಕೊಂಡಿತು. ಕಥೆಯ ಪುಸ್ತಕಗಳಲ್ಲಿ ಅವನಿಲ್ಲ. 1870ರ ಗಣತಿಗೆ ಅವನು ಹುಟ್ಟಿರಲಿಲ್ಲ, 1880ರ ಗಣತಿಗೆ ಉಳಿದಿರಲಿಲ್ಲ. ಅವನ ಹೆಸರನ್ನು ಉಳಿಸಿದುದು ಮನೆಯ ಬೈಬಲ್ಲಿನ ಪುಟ. ಎರಡು ಗಣತಿಗಳ ನಡುವೆ ಹೀಗೆ ಹುಟ್ಟಿ ಹೋದ ಮಕ್ಕಳು ಆ ಬಯಲುಗಳಲ್ಲಿ ಅದೆಷ್ಟೋ! ತಾಯಂದಿರು ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಬಳಿಕ 1879ರಲ್ಲಿ ಇಂಗಲ್ಸರು ಡಕೋಟ ಸೀಮೆಯ ಡಿ ಸ್ಮೆಟ್ ಸೇರಿದರು. ಮರುವರ್ಷ ಚಾರ್ಲ್ಸನು ನೆಲಕ್ಕೆ ಅರ್ಜಿ ಹಾಕಿ, 1886ರಲ್ಲಿ ಕೊನೆಯ ಹೇಳಿಕೆ ಕೊಟ್ಟನು. ಎಷ್ಟೋ ಕಡೆ ಅಲೆದ ಮೇಲೆ ಅಲ್ಲಿ ಅವನ ಹೆಸರಿಗೆ ಹಕ್ಕುಪತ್ರದ ಕಡತವೊಂದು ಆಯಿತು.

ಇಂತಹ ಹುಡುಕಾಟಕ್ಕೆ ಅಡ್ಡಿಗಳೂ ಇವೆ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಬೆಂಕಿ ಬಿದ್ದು, 1890ರ ಗಣತಿಯ ಪುಟಗಳು ಸುಟ್ಟುವು, ಉಳಿದುವು ನೀರಿನಲ್ಲಿ ನೆನೆದು ಕೆಟ್ಟುವು. ಅವನ್ನು ಮುಂದೆ ಸರಕಾರವೇ ನಾಶಮಾಡಿಸಿತು. ಪಡುವಣದ ವಲಸೆ ಅತ್ಯಂತ ಬಿರುಸಾಗಿದ್ದ ದಶಕದ ಲೆಕ್ಕವೇ ಹೀಗೆ ಹೋಯಿತು. ಇನ್ನೊಂದೆಡೆ, ಅನಿರೀಕ್ಷಿತವಾದ ಕೃಪೆಯೂ ಉಂಟು. ಓರೆಗನ್ನಿಗೆ 1850ರಲ್ಲಿ ಮಾಡಿದ ಭೂದಾನ ಕಾಯಿದೆಯು ಮುಖ್ಯವಾಗಿ ಬಿಳಿಯರಿಗೆ ಬಾಗಿಲು ತೆರೆಯಿತಾದರೂ, ದಂಪತಿಗಳಿಗೆ ಕೊಟ್ಟ ನೆಲದಲ್ಲಿ ಅರ್ಧವನ್ನು ಹೆಂಡತಿಯ ಹೆಸರಿಗೇ ಬರೆಯಿತು. ಅದಕ್ಕಾಗಿ ಮದುವೆಯಾದ ದಿನವನ್ನೂ ಸ್ಥಳವನ್ನೂ ರುಜುವಾತುಪಡಿಸಬೇಕಾಯಿತು. ಬೇರೆಲ್ಲಿಯೂ ದೊರೆಯದ ಎಷ್ಟೋ ಹೆಂಗಸರ ವಿವರಗಳು ಆ ಕಡತಗಳಲ್ಲಿ ಸಿಗುತ್ತವೆ.

ಕ್ಯಾನ್ಸಸ್ಸಿನಲ್ಲಿ ಇಂಗಲ್ಸನಿಗೆ ಹಕ್ಕುಪತ್ರವೇಕೆ ಇರಲಿಲ್ಲವೆಂದು ಜಾಣರಾದ ವಿದ್ಯಾರ್ಥಿಗಳು ಆಗಲೇ ಕೇಳಿಕೊಂಡಿರಬಹುದು. ಆ ನೆಲ ಅವನದಾಗಿರಲಿಲ್ಲ, ಸರಕಾರದ್ದೂ ಆಗಿರಲಿಲ್ಲ. 1865ರ ಒಪ್ಪಂದದ ಬಳಿಕವೂ ಅದು ಒಸೇಜ್ ಎಂಬ ಮೂಲನಿವಾಸಿ ಜನಾಂಗದ ಪಾಲಿಗೆ ಉಳಿದಿದ್ದ ಭೂಮಿ. ಇಂಗಲ್ಸನೂ ಅವನ ನೆರೆಯವರೂ ಅಪ್ಪಣೆಯಿಲ್ಲದೆ ಹೊಕ್ಕು ಕುಳಿತವರು. ಗಣತಿಯ ಗುಮಾಸ್ತನು ನೆಲದ ಬೆಲೆಯ ಅಂಕಣವನ್ನು ಖಾಲಿ ಬಿಟ್ಟು, ಇವರಿಗೆ ಇಲ್ಲಿ ಹಕ್ಕಿಲ್ಲವೆಂಬ ಅರ್ಥದ ಟಿಪ್ಪಣಿ ಬರೆದಿಟ್ಟನು. ಆದರೆ ತೆರಿಗೆ ಕೊಡದ ಮೂಲನಿವಾಸಿಗಳನ್ನು ಎಣಿಸಕೂಡದೆಂಬುದು ಗಣತಿಯ ನಿಯಮವಾಗಿತ್ತು. ಆದ ಕಾರಣ ಹೊಕ್ಕು ಕುಳಿತವರ ಮಕ್ಕಳ ವಯಸ್ಸೂ ಆ ಪುಟದಲ್ಲಿದೆ. ನೆಲದ ಒಡೆಯರ ಹೆಸರು ಒಂದೂ ಇಲ್ಲ. 1870ರ ಜುಲೈ 15ರ ಕಾಯಿದೆಯಂತೆ ಒಸೇಜರು ಆ ಬಯಲನ್ನು ಬಿಟ್ಟು ದಕ್ಷಿಣಕ್ಕೆ, ಈಗಿನ ಓಕ್ಲಹೋಮಕ್ಕೆ ಹೋದರು. ಅವರ ನೆಲವನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಮಾರಿದರು. ಅವರದೂ ರೈತರದರಂತೆಯೇ ಒಂದು ಪ್ರಯಾಣ. ಆದರೆ ಗಾಡಿ ಹೂಡಲು ಅವರಾಗಿ ನಿಶ್ಚಯಿಸಿದುದಲ್ಲ. ಮುಂದೆ 1906ರ ಕಾಯಿದೆಯ ಮೇರೆಗೆ ಹೊಸ ನಾಡಿನ ಭೂಮಿಯನ್ನು ಹಂಚುವಾಗ ಅವರ ಹೆಸರುಗಳ ಪಟ್ಟಿಯೊಂದು ಸಿದ್ಧವಾಯಿತು. ಅದರಲ್ಲಿ 2,229 ಹೆಸರುಗಳಿವೆ. ಒಸೇಜ್ ಮನೆಗಳಲ್ಲಿ ಹಿರಿಯರನ್ನು ಹುಡುಕುವವರು ಇಂದಿಗೂ ಆ ಪಟ್ಟಿಗೆ ಬರುತ್ತಾರೆ.