ಮದುವೆಯ ಸಿದ್ಧತೆಯಲ್ಲಿ ಮರೆಯಬಾರದ ಮಾತ್ರೆ



ಪವಿತ್ರ ಬೈಬಲಿನ ನ್ಯಾಯಸ್ಥಾಪಕರ ಗ್ರಂಥದ 13ನೇ ಅಧ್ಯಾಯವನ್ನು ತೆರೆಯಿರಿ. ಮಕ್ಕಳಿಲ್ಲದ ಮಾನೋಹನ ಹೆಂಡತಿಗೆ ದೇವದೂತನು ಮಗು ಹುಟ್ಟುವ ಶುಭವಾರ್ತೆಯನ್ನು ತಂದನು. ಜೊತೆಗೆ, ಏನು ಕುಡಿಯಬಾರದು, ಏನು ತಿನ್ನಬಾರದು ಎಂದೂ ತಿಳಿಸಿದನು. ಸಂಸೋನನು ತಾಯಿಯ ಗರ್ಭದಲ್ಲಿ ಮೂಡುವ ಮೊದಲೇ ಬಂದ ಎಚ್ಚರಿಕೆಯಿದು. ಇಂದಿನ ವೈದ್ಯವಿಜ್ಞಾನವೂ ಇಂಥದೇ ಮಾತನ್ನು ಹೇಳುತ್ತದೆ.

ಗರ್ಭ ಮೂಡಿದ ಮೇಲೆ ಭ್ರೂಣದ ಬೆನ್ನಿನ ಭಾಗದಲ್ಲಿರುವ ಚಪ್ಪಟೆ ಪದರವು ಮಡಿಚಿಕೊಂಡು ಕೊಳವೆಯಾಗಿ ಮುಚ್ಚುತ್ತದೆ. ಇದೇ ನರಕೊಳವೆ. ಮೆದುಳು ಮತ್ತು ಬೆನ್ನುಹುರಿ ಇದರಿಂದಲೇ ಬೆಳೆಯುತ್ತವೆ. ಈ ಕೆಲಸ ಸುಮಾರು 28 ದಿನಗಳಲ್ಲಿ, ಎಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಮುಗಿದಿರುತ್ತದೆ. ಎಷ್ಟೋ ತಾಯಂದಿರಿಗೆ ತಾವು ಬಸಿರೆಂಬುದು ಆಗಿನ್ನೂ ಗೊತ್ತೇ ಇರುವುದಿಲ್ಲ. ಕೊಳವೆಯ ಮೇಲ್ತುದಿ ಮುಚ್ಚದಿದ್ದರೆ ಮಗು ಬದುಕಿ ಉಳಿಯದು. ಕೆಳಭಾಗ ಮುಚ್ಚದಿದ್ದರೆ ಬೆನ್ನಿನಲ್ಲಿ ಗಂಟಿನಂತಾಗಿ, ಕಾಲುಗಳ ಬಲವೂ ಮಲಮೂತ್ರಗಳ ಹಿಡಿತವೂ ಕುಂದಬಹುದು.

ಇದು ದೂರದ ದೇಶದ ಮಾತಲ್ಲ. ನಮ್ಮ ದಾವಣಗೆರೆಯಲ್ಲಿ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು 3,500 ಹೆರಿಗೆಗಳನ್ನು ಅಭ್ಯಸಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ, ಸಾವಿರಕ್ಕೆ 11.4 ಶಿಶುಗಳಲ್ಲಿ ಈ ದೋಷವಿತ್ತು. ಎರಡು ವರ್ಷಗಳ ನಂತರ, 1991ರಲ್ಲಿ, ಏಳು ದೇಶಗಳಲ್ಲಿ ನಡೆದ ಬ್ರಿಟನ್ನಿನ ಅಧ್ಯಯನವೊಂದು ಹೊರಬಂತು. ಹಿಂದೆ ಇಂಥ ಮಗುವನ್ನು ಹೆತ್ತ ತಾಯಂದಿರು ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲ ಸೇವಿಸಿದಾಗ, ದೋಷ ಮರುಕಳಿಸುವುದು 72 ಶೇಕಡದಷ್ಟು ಕಡಿಮೆಯಾಯಿತು.

ಫೋಲಿಕ್ ಆಮ್ಲ ಒಂದು ಬಿ ಜೀವಸತ್ವ. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಈ ಹೆಸರು ಬಂದಿದೆ. ಮೆಂತ್ಯ, ಪಾಲಕ, ರಾಜಗಿರಿ ಸೊಪ್ಪು, ಹೆಸರುಕಾಳು, ಕಡಲೆ, ಶೇಂಗಾ ಇವುಗಳಲ್ಲಿ ಈ ಜೀವಸತ್ವವಿದೆ. ಆದರೆ ಬಹಳ ಹೊತ್ತು ಬೇಯಿಸಿ ನೀರು ಚೆಲ್ಲಿದರೆ ನಷ್ಟವಾಗುತ್ತದೆ. ರೊಟ್ಟಿಯ ಜೊತೆ ಕಾಳು, ಪಲ್ಯ ದಿನವೂ ಇರಲಿ. ಆದರೂ ಊಟವೊಂದನ್ನೇ ನಂಬಿದರೆ ಸಾಲದು.

ಹಾಗಾದರೆ ಏನು ಮಾಡಬೇಕು?

1. ಗರ್ಭ ಧರಿಸಲಿರುವ ಸ್ತ್ರೀಯು ಕಡೇಪಕ್ಷ ಒಂದು ತಿಂಗಳು ಮೊದಲಿನಿಂದ, ಗರ್ಭದ ಮೂರು ತಿಂಗಳು ತುಂಬುವವರೆಗೆ, ದಿನಕ್ಕೆ 0.4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು.

2. ಹಿಂದೆ ಇಂಥ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮೂರ್ಛೆರೋಗಕ್ಕೆ ಔಷಧಿ ನಡೆದಿದ್ದರೆ ಮೊದಲೇ ವೈದ್ಯರನ್ನು ಕಾಣಿರಿ. ಹೆಚ್ಚಿನ ಪ್ರಮಾಣ ಬೇಕಾಗಬಹುದು.

3. ನಾಲ್ಕನೇ ತಿಂಗಳಿನಿಂದ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬೇಡಿ. ಅದು ರಕ್ತಹೀನತೆಗೆ. ನರಕೊಳವೆ ಅಷ್ಟರಲ್ಲಿ ಮುಚ್ಚಿ ಆಗಿರುತ್ತದೆ.

ನವನಗರದಲ್ಲಾಗಲಿ, ಬಾದಾಮಿ, ಹುನಗುಂದಗಳಲ್ಲಾಗಲಿ, ಮದುವೆ ಗೊತ್ತಾದ ದಿನದಿಂದ ಇಳಕಲ್ ಸೀರೆ, ಬಂಗಾರ, ಊಟ ಎಂದು ಪಟ್ಟಿ ಬೆಳೆಯುತ್ತದೆ. ಹಿರಿಯರೇ, ಈ ಅಗ್ಗದ ಮಾತ್ರೆಯನ್ನೂ ಆ ಪಟ್ಟಿಗೆ ಸೇರಿಸಿ. ವಿವಾಹ ಸಿದ್ಧತೆಯ ತರಗತಿಯಲ್ಲಿ ಇದನ್ನು ತಿಳಿಸುವಂತೆ ನಿಮ್ಮ ಧರ್ಮಗುರುಗಳನ್ನು ಕೇಳಿಕೊಳ್ಳಿ. ಗಂಡಂದಿರೇ, ಮಗುವನ್ನು ಬೆಳೆಸುವ ಬಗೆಯನ್ನು ಮಾನೋಹನು ತಾನೇ ದೇವದೂತನಲ್ಲಿ ಕೇಳಿದನು. ಇದು ಹೆಂಗಸರ ವಿಷಯವೆಂದು ನೀವು ಸುಮ್ಮನಿರಬೇಡಿ.

ಮಾತ್ರೆ ಸೇವಿಸಿದರೂ ಕೆಲವೊಮ್ಮೆ ಇಂಥ ಮಗು ಹುಟ್ಟಬಹುದು. ಆಗ ಗ್ರಹಣವನ್ನೋ ಶಾಪವನ್ನೋ ಸೊಸೆಯನ್ನೋ ದೂರುವುದು ಅನ್ಯಾಯ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದರು ಪ್ರಭು ಯೇಸು. ಆ ಮಗುವೂ ದೇವರ ಕೊಡುಗೆಯೇ. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿ, ಪ್ರೀತಿಯಿಂದ ಸಾಕುವುದು ಇಡೀ ಧರ್ಮಕೇಂದ್ರದ ಹೊಣೆ.

ಮನೆಯಲ್ಲಿ ಚರ್ಚಿಸಿ: ನಮ್ಮ ಬಂಧುಗಳಲ್ಲಿ ಈ ವರ್ಷ ಮದುವೆಯಾಗುವವರು ಯಾರು? ಅವರಿಗೆ ಈ ವಿಷಯವನ್ನು ಯಾರು ತಿಳಿಸುವಿರಿ?